ಮಾಸಾಶನವೂ ಕಾಯಕವೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳನ್ನು ಬಲ್ಲ ವಾಚಕರಿಗೆ ಒಂದು ಮಾತು ಪರಿಚಿತವೇ ಆಗಿದೆ. ಸರ್ಕಾರವು ಅಂಗವಿಕಲರಿಗೆ ಕೊಡುವ ಮಾಸಾಶನವನ್ನು ಇಲ್ಲಿಯ ಜನ ‘ಪಗಾರ’ ಎನ್ನುತ್ತಾರೆ. ದುಡಿಮೆಯ ಪ್ರತಿಫಲಕ್ಕೆ ಸಲ್ಲುವ ಶಬ್ದವು, ದುಡಿಯಲಾರೆನೆಂದು ಬರೆಸಿಕೊಂಡವರಿಗೆ ಬರುವ ಹಣಕ್ಕೆ ಅಂಟಿಕೊಂಡದ್ದನ್ನು ಕಂಡು ಕೆಲವು ವಿದ್ವಾಂಸರು ನಗಬಹುದು. ನಮಗೆ ಅದರಲ್ಲಿ ತಪ್ಪು ಕಾಣದು. ತಿಂಗಳಿಗೊಮ್ಮೆ ಬರಬೇಕಾದದ್ದು, ಬಾರದಿದ್ದರೆ ಮನೆಯ ಲೆಕ್ಕ ಏರುಪೇರಾಗುವಂಥದ್ದು ಪಗಾರವಲ್ಲದೆ ಮತ್ತೇನು? 2021ರ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರವು ಶೇಕಡಾ 40ರಿಂದ 75ರವರೆಗಿನ ನ್ಯೂನತೆಯುಳ್ಳವರಿಗೆ ಕೊಡುವ ಹಣವನ್ನು 600 ರೂಪಾಯಿಗಳಿಂದ 800ಕ್ಕೆ ಏರಿಸಿತು. ಅಷ್ಟರಿಂದ ಯಾರ ಸಂಸಾರವೂ ಸಾಗದು. ಆದರೆ ಅದನ್ನು ಕಳೆದುಕೊಳ್ಳುವ ಭಯವು ಎಷ್ಟು ದೊಡ್ಡದೆಂಬುದನ್ನು ಅರಿಯದೆ ಅಂಗವಿಕಲರ ಉದ್ಯೋಗದ ಬಗೆಗೆ ಮಾತನಾಡುವುದು ವ್ಯರ್ಥವೇ ಸರಿ.

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡುವಯಸ್ಸಿನ ಗೃಹಸ್ಥರೊಬ್ಬರಿದ್ದಾರೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಅವರ ಎರಡೂ ಕಾಲುಗಳು ಶಕ್ತಿಗುಂದಿದವು. 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹಳ್ಳಿಹಳ್ಳಿಗೆ ವಿದ್ಯುತ್ತನ್ನು ಮುಟ್ಟಿಸಿದ ತಾಲೂಕು ಅದು. ಅಲ್ಲಿಯ ಕಬ್ಬಿನ ಸೀಮೆಯಲ್ಲಿ ನೀರೆತ್ತುವ ಮೋಟಾರುಗಳಿಗೆ ಬರವಿಲ್ಲ. ಸುಟ್ಟುಹೋಗುವ ಮೋಟಾರುಗಳಿಗೂ ಬರವಿಲ್ಲ. ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ವೈಂಡಿಂಗ್ ವಿದ್ಯೆಯನ್ನು ಅವರು ಸಂಕೇಶ್ವರದಲ್ಲಿ ಕಲಿತರು. ಕುಳಿತು ಮಾಡುವ ಕೆಲಸ. ಅದಕ್ಕೆ ಕೈ ಮತ್ತು ಕಣ್ಣು ಸಾಕು. ಕೈಯೂ ಒಳ್ಳೆಯದೆಂದು ರೈತರು ಹೇಳುತ್ತಾರೆ. ಆದರೆ ಅವರ ಅಂಗಡಿಗೆ ಫಲಕವಿಲ್ಲ. ಏಕೆಂದು ಕೇಳಿದೆವು.

“ಬೋರ್ಡ ಹಚ್ಚಿದ್ರ ನಾ ದುಡ್ಯಾಕತ್ತೇನಿ ಅಂತ ಊರಿಗೆಲ್ಲಾ ಸಾರಿದಂಗ ಆಕ್ಕೈತ್ರಿ ಅಪ್ಪಾರ. ಯಾರರೆ ತಹಸೀಲ್ದಾರ ಕಚೇರಿಗೆ ಒಂದ ಅರ್ಜಿ ಬರದ ಒಗದ್ರ ಪಗಾರ ನಿಂತ ಹೋಕ್ಕೈತಿ. ಮಳಿಗಾಲದಾಗ ಮೋಟಾರ ಸುಡೂದಿಲ್ಲ. ಆವಾಗ ಏನ ತಿನ್ನೂದ್ರಿ?” ಎಂದರು.

ಈ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿಯೊಂದಿದೆ. ಮನೆಯಲ್ಲಿ ಒಬ್ಬರು ವರ್ಷವಿಡೀ ಕೂಲಿಗೆ ಹೋದರೆ ದಾಟಿಬಿಡುವಷ್ಟು ಚಿಕ್ಕ ಮಿತಿಯದು. ಅತ್ತ ಅಂಗಡಿಯನ್ನು ವಿಸ್ತರಿಸಲು ಸಾಲ ಕೇಳಿದರೆ ಬ್ಯಾಂಕಿನವರು ಆದಾಯವನ್ನು ತೋರಿಸೆನ್ನುತ್ತಾರೆ. ಒಂದು ಕಚೇರಿಯ ಕಾಗದದಲ್ಲಿ ಅವರು ಗಳಿಸದವರಾಗಿರಬೇಕು, ಇನ್ನೊಂದರಲ್ಲಿ ಗಳಿಸುವವರಾಗಿರಬೇಕು. ಹೀಗಾಗಿ ಅವರು ಸಾಲವನ್ನೇ ಕೇಳಲಿಲ್ಲ. ಇದನ್ನು ಸೋಮಾರಿತನವೆನ್ನಲು ನಾವು ಸಿದ್ಧರಿಲ್ಲ. ವಿಶ್ವವಿದ್ಯಾಲಯದಲ್ಲಿ ನಾವು ಓದಿದ ಅರ್ಥಶಾಸ್ತ್ರದಲ್ಲಿ ಇಂಥ ನಡತೆಗೆ ವಿವೇಕವೆಂದೇ ಹೆಸರು.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕೆಯಲ್ಲಿ ಅಂಗವೈಕಲ್ಯ ವಿಮೆಯ ಹಣ ಪಡೆಯುವವರಿಗೆ ಪರೀಕ್ಷಾರ್ಥವಾಗಿ ಒಂಬತ್ತು ತಿಂಗಳು ದುಡಿದು ನೋಡುವ ಅವಕಾಶವುಂಟು. ಆ ತಿಂಗಳುಗಳಲ್ಲಿ ಎಷ್ಟು ಗಳಿಸಿದರೂ ಹಣ ನಿಲ್ಲದು. ಅಂಥವರು ತಮಗೆ ಬೇಕಾದ ಸಂಸ್ಥೆಯಿಂದ ತರಬೇತಿಯನ್ನೂ ಕೆಲಸ ಹುಡುಕುವ ನೆರವನ್ನೂ ಪಡೆಯುವಂತೆ 1999ರಲ್ಲಿ ಅಲ್ಲೊಂದು ಕಾಯಿದೆಯಾಯಿತು. ಅಲ್ಲಿಯ ವ್ಯವಸ್ಥೆಯೆಲ್ಲ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ಬಿದ್ದರೆ ಹಿಡಿಯುವೆವೆಂಬ ಭರವಸೆಯಿತ್ತು ಏರಲು ಹೇಳುವ ಆ ಕ್ರಮ ಮಾತ್ರ ನಮಗೆ ಮೆಚ್ಚುಗೆಯಾಗಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 1995ರ ಕಾಯಿದೆಯ 7 ಬಗೆಯ ನ್ಯೂನತೆಗಳನ್ನು 21ಕ್ಕೆ ಏರಿಸಿ, ಸರ್ಕಾರಿ ನೌಕರಿಯ ಮೀಸಲಾತಿಯನ್ನು ಶೇಕಡಾ 3ರಿಂದ 4ಕ್ಕೆ ಹೆಚ್ಚಿಸಿತು. ಒಳ್ಳೆಯದೇ. ಆದರೆ ಸರ್ಕಾರಿ ನೌಕರಿಯ ಹೊಸ್ತಿಲನ್ನು ತುಳಿಯುವವರು ಎಷ್ಟು ಮಂದಿ? ಉಳಿದವರೆಲ್ಲ ಗೋಕಾಕದ ಕರದಂಟಿನ ಅಂಗಡಿಗಳಲ್ಲಿ, ಬಣ್ಣದ ಕಟ್ಟಿಗೆಯ ಹಣ್ಣುಕಾಯಿಗಳನ್ನು ಮಾಡುವ ಮನೆಗಳಲ್ಲಿ, ಸಕ್ಕರೆ ಕಾರಖಾನೆಯ ತೂಕದ ಕಟ್ಟೆಯ ಬಳಿ ಕೆಲಸವನ್ನು ಹುಡುಕಬೇಕಾದವರು.

ಕಾಯಕದ ಮಾತು ನಮ್ಮ ಮಠಗಳಿಂದ ಬಹಳವಾಗಿ ಕೇಳಿಬರುತ್ತದೆ, ಕೇಳಿಬರಬೇಕಾದದ್ದೇ. ಆದರೆ ಬಸ್ಸಿನ ಮೆಟ್ಟಿಲನ್ನೇ ಏರಲಾರದವರ ಮುಂದೆ ಬರಿಯ ಮಾತಾಗಿ ಅದನ್ನು ನುಡಿದರೆ ಗದರಿಕೆಯಂತೆ ಕೇಳಿಸೀತು. ಕಾಯಕದವರೆಗೆ ಜೊತೆಗೂಡಿ ನಡೆಯುವವರೊಬ್ಬರು ಬೇಕು.

ಅಂಥವರು ನಮ್ಮಲ್ಲಿ ಇಲ್ಲವೆಂದು ವಾಚಕರು ತಿಳಿಯಬಾರದು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರನ್ನೂ, ಅವರ ಮೇಲೆ ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸುವ ಏರ್ಪಾಡಿದೆ. ಈ ಗ್ರಾಮೀಣ ಕಾರ್ಯಕರ್ತರು ಸ್ವತಃ ಅಂಗವಿಕಲರು. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಗುರುತಿನ ಚೀಟಿ, ಮಾಸಾಶನದ ಅರ್ಜಿ, ಬಸ್ ಪಾಸು ಇವುಗಳಲ್ಲಿಯೇ ಅವರ ದಿನ ಮುಗಿಯುತ್ತದೆ.

ಹಾಗಿದ್ದರೂ ಮೂಡಲಗಿ ಕಡೆಯ ಒಬ್ಬ ಕಾರ್ಯಕರ್ತರು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಅವರು ಕೋಲೂರಿ ನಡೆಯುವವರು. ಅವರ ಊರಿನಲ್ಲಿ ಹುಟ್ಟುಕಿವುಡಿಯಾದ ಒಬ್ಬ ತರುಣಿ ಹೊಲಿಗೆ ಕಲಿತಿದ್ದಳು, ಕೆಲಸ ಕೊಡುವವರಿರಲಿಲ್ಲ. “ಅಕಿಗೆ ಹೆಂಗ ಹೇಳಬೇಕ್ರಿ?” ಎಂಬುದೇ ಎಲ್ಲ ಅಂಗಡಿಕಾರರ ಪ್ರಶ್ನೆ. ಕಾರ್ಯಕರ್ತರು ಒಬ್ಬ ದರ್ಜಿಯನ್ನು ಹೇಗೋ ಒಪ್ಪಿಸಿ, ಮೊದಲ ಎರಡು ವಾರ ದಿನವೂ ಒಂದು ತಾಸು ಆ ಅಂಗಡಿಯಲ್ಲಿ ತಾವೇ ಕುಳಿತರು. ತೋಳು, ಕೊರಳು, ಬಿಗಿ, ಸಡಿಲು ಇಂಥ ಹತ್ತಿಪ್ಪತ್ತು ಸನ್ನೆಗಳನ್ನು ಆ ತರುಣಿಯಿಂದಲೇ ಮಾಡಿಸಿ ದರ್ಜಿಗೆ ಕಲಿಸಿದರು. ಅಳತೆಗಳನ್ನು ಬಾಯಿಂದ ಹೇಳುವ ಬದಲು ಪಾಟಿಯ ಮೇಲೆ ಬರೆದಿಡುವ ರೂಢಿ ಹಾಕಿಸಿದರು. ಮಾಸಾಶನದ ಬಗೆಗೆ ಹೆದರಿದ್ದ ಆಕೆಯ ತಂದೆಯನ್ನು ಮೂಡಲಗಿಯ ತಹಸೀಲ್ದಾರರ ಕಚೇರಿಗೆ ಕರೆದೊಯ್ದು, ಆದಾಯದ ಲೆಕ್ಕವನ್ನು ಬಿಡಿಸಿ ಕೇಳಿಸಿದರು. 2018ರವರೆಗೆ ಮೂಡಲಗಿ ತಾಲೂಕೇ ಆಗಿರಲಿಲ್ಲ; ಆಗಾಗಿದ್ದರೆ ಅದಕ್ಕೂ ಗೋಕಾಕಕ್ಕೇ ಹೋಗಬೇಕಾಗುತ್ತಿತ್ತು.

ತರುಣಿ ಈಗ ಎರಡನೆಯ ವರ್ಷದ ದುಡಿಮೆಯಲ್ಲಿದ್ದಾಳೆ. ಅಳತೆಯ ತಪ್ಪುಗಳು ಕಡಿಮೆಯಾದುದನ್ನು ಕಂಡ ದರ್ಜಿಯು ಉಳಿದ ಕೆಲಸಗಾರರಿಗೂ ಪಾಟಿಯ ಮೇಲೆಯೇ ಬರೆದುಕೊಡುತ್ತಿದ್ದಾನೆ.