ಚರ್ನಿರೋಡಿನ ಮೀನುಗಳು

ಮುಂಬಯಿಯ ಪರೇಲಿನಲ್ಲಿ ಬೆಳೆದವರಿಗೆ ಸಮುದ್ರ ದೂರವೇನಲ್ಲ. ಆದರೂ ಅದು ನಮ್ಮದು ಅಂತ ಅನ್ನಿಸಿದ್ದಿಲ್ಲ. ನಮ್ಮದೇನಿದ್ದರೂ ಗಿರಣಿಯ ಭೋಂಗಾ, ಚಾಳಿನ ನಲ್ಲಿಯೆದುರಿನ ಜಗಳ, ಕೆಇಎಂ ಆಸ್ಪತ್ರೆಯ ಮುಂದಿನ ಜನಜಂಗುಳಿ. ಮೀನು ಅಂದರೆ ಕೋಲಿ ಹೆಂಗಸರ ಬುಟ್ಟಿಯಲ್ಲಿ ಕಣ್ಣುಬಿಟ್ಟು ಮಲಗಿದ್ದು. ಈಜುವ ಮೀನು ಕಾಣಬೇಕಿದ್ದರೆ ಎಲ್ಫಿನ್‌ಸ್ಟನ್ ರೋಡಿನಲ್ಲಿ ಸ್ಲೋ ಲೋಕಲ್ ಹತ್ತಿ, ಐದನೆಯ ಸ್ಟೇಷನ್ ಚರ್ನಿರೋಡಿನಲ್ಲಿ ಇಳಿದು, ತಾರಾಪೋರ್‌ವಾಲಾ ಮತ್ಸ್ಯಾಲಯಕ್ಕೆ ಹೋಗಬೇಕಿತ್ತು.

ಮರೀನ್ ಡ್ರೈವಿನ ಆ ಕಟ್ಟಡ 1951ರದು. ಖರ್ಚಾದ 8 ಲಕ್ಷ ರೂಪಾಯಿಯಲ್ಲಿ 2 ಲಕ್ಷ ಪಾರ್ಸಿ ದಾನಿ ಡಿ.ಬಿ. ತಾರಾಪೋರ್‌ವಾಲಾ ಅವರದು, ಉದ್ಘಾಟಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ನೋಡಿಕೊಳ್ಳುತ್ತಿದ್ದುದು ರಾಜ್ಯದ ಮೀನುಗಾರಿಕೆ ಇಲಾಖೆ. ರಸ್ತೆ ದಾಟಿದರೆ ಅರಬ್ಬೀ ಸಮುದ್ರ. ಅದನ್ನು ಬೆನ್ನಿಗೆ ಹಾಕಿಕೊಂಡು ಜನ ಟಿಕೆಟಿಗೆ ಕ್ಯೂ ನಿಲ್ಲುತ್ತಿದ್ದರು.

ಒಳಗೆ ಕತ್ತಲು. ಗೋಡೆಯುದ್ದಕ್ಕೂ ಬೆಳಕು ತುಂಬಿದ ಗಾಜಿನ ತೊಟ್ಟಿಗಳು. ಕುಂದಾಪುರದ ಕಡೆಯಿಂದ ಬಂದು ಪರೇಲಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಅಪ್ಪಯ್ಯನಿಗೆ ಅಲ್ಲಿನ ಇಂಗ್ಲಿಷ್ ಬೋರ್ಡು ಬೇಕಿರಲಿಲ್ಲ. "ಕಾಣ್ ಮಾಣಿ, ತೊರ್ಕಿ. ಬಾಲ ಮುಟ್ಟುಕಾಗ" ಎನ್ನುತ್ತಿದ್ದರು. ತೊರಕೆ ಮೀನು ಮರಳಿನಿಂದೆದ್ದು ಗಾಜಿಗೆ ಹೊಟ್ಟೆ ಒತ್ತಿ ಮೇಲೇರುವಾಗ ಅದರ ಬಿಳಿ ಬುಡದಲ್ಲಿ ಬಾಯಿ, ಕಿವಿರಿನ ಸೀಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಗುವ ಮುಖವೆಂದೇ ನಾನು ನಂಬಿದ್ದೆ. ಅಮ್ಮನ ಲೆಕ್ಕ ಬೇರೆ. ಯಾವ ಮೀನಿಗೆ ಹುಳಿ ಎಷ್ಟು, ಯಾವುದನ್ನು ಹುರಿದರೆ ಒಳ್ಳೆಯದು ಎಂಬ ವಿಮರ್ಶೆ ತೊಟ್ಟಿಯಿಂದ ತೊಟ್ಟಿಗೆ ನಡೆಯುತ್ತಿತ್ತು. ಪಕ್ಕದಲ್ಲಿದ್ದ ಗುಜರಾತಿ ಕುಟುಂಬಕ್ಕೆ ಕನ್ನಡ ಬಾರದ್ದು ಒಳ್ಳೆಯದೇ ಆಯಿತು.

ಮುಂದೆ ಅಮೆರಿಕಕ್ಕೆ ಹೋದ ಬಂಧುವೊಬ್ಬರು ಅಲ್ಲಿನ ಸೀವರ್ಲ್ಡ್ ಪಾರ್ಕಿನ ಬಣ್ಣದ ಚಿತ್ರಗಳನ್ನು ತಂದು ತೋರಿಸಿದಾಗ ನಮ್ಮ ಮತ್ಸ್ಯಾಲಯ ಸಪ್ಪೆಯೆನಿಸಿದ್ದು ನಿಜ. ಅಲ್ಲಿ ಮೀನು ಸುಮ್ಮನೆ ಈಜುವುದಿಲ್ಲ, ತಿಮಿಂಗಿಲಗಳು ಕುಣಿಯುತ್ತವೆ! ಈ ಬಗೆಯ ಪಾರ್ಕುಗಳ ಮೂಲ ಸಿನಿಮಾ. 1938ರಲ್ಲಿ ಫ್ಲಾರಿಡಾದಲ್ಲಿ ತೆರೆದ ಮರೀನ್ ಸ್ಟುಡಿಯೋಸ್ ನೀರೊಳಗಿನ ಚಿತ್ರೀಕರಣಕ್ಕೆಂದು ಕಟ್ಟಿದ್ದು. ಜನ ಮುಗಿಬಿದ್ದದ್ದು ಡಾಲ್ಫಿನ್ ನೋಡಲು. 1964ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಸೀವರ್ಲ್ಡ್ ಬಂತು, ಓರ್ಕಾ ತಿಮಿಂಗಿಲಗಳ ಆಟ ಲೋಕಪ್ರಸಿದ್ಧವಾಯಿತು. 2010ರಲ್ಲಿ ಆರ್ಲ್ಯಾಂಡೊದಲ್ಲಿ ಟಿಲಿಕಮ್ ಎಂಬ ಓರ್ಕಾ ತನ್ನ ತರಬೇತುದಾರಳನ್ನೇ ಕೊಂದಿತು. 2016ರಲ್ಲಿ ಓರ್ಕಾಗಳ ಸಂತಾನೋತ್ಪತ್ತಿಯನ್ನೇ ನಿಲ್ಲಿಸುವುದಾಗಿ ಕಂಪನಿ ಸಾರಿತು.

ನಮ್ಮವರೂ ಆಸೆಪಡದೆ ಇರಲಿಲ್ಲ. 1990ರ ದಶಕದ ಕೊನೆಗೆ ಚೆನ್ನೈ ಬಳಿಯ ಡಾಲ್ಫಿನ್ ಸಿಟಿಗೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳು ಬಂದವು. ಕೆಲವೇ ತಿಂಗಳಲ್ಲಿ ಸತ್ತವು. ಕೊನೆಗೆ 2013ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಡಾಲ್ಫಿನ್ ಪ್ರದರ್ಶನಕ್ಕೆ ದೇಶದಲ್ಲೇ ಅವಕಾಶವಿಲ್ಲವೆಂದಿತು. ಆ ಆದೇಶಕ್ಕೆ ನನ್ನದೊಂದು ಚಪ್ಪಾಳೆ. ಹಾಜಿ ಅಲಿ, ಮಲಬಾರ್ ಹಿಲ್ ಕಡೆಯ ಸಮುದ್ರದಲ್ಲಿ ಡಾಲ್ಫಿನ್‌ಗಳು ಪುಕ್ಕಟೆಯಾಗಿಯೇ ಬಂದು ಹೋಗುತ್ತವೆ. ನೋಡಲು ತಾಳ್ಮೆ ಬೇಕು ಅಷ್ಟೆ.

ತಾರಾಪೋರ್‌ವಾಲಾ ಮಾತ್ರ ಒಮ್ಮೆ ಹೊಸ ವೇಷ ತೊಟ್ಟಿತು. ದುರಸ್ತಿಯಾಗಿ 2015ರಲ್ಲಿ ಮತ್ತೆ ತೆರೆದಾಗ 12 ಅಡಿಯ ಅಕ್ರಿಲಿಕ್ ಸುರಂಗ ಬಂದಿತ್ತು: ತಲೆಯ ಮೇಲೆ ಮೀನು, ಕೆಳಗೆ ಸೆಲ್ಫಿ. ಹನ್ನೆರಡು ಅಡಿ ಮುಗಿಯಲು ಎಷ್ಟು ಹೊತ್ತು? ನನಗೆ ಹಳೆಯ ಕತ್ತಲೆಯೇ ಇಷ್ಟವಾಗಿತ್ತು. ಕೊರೋನಾ ಬಂದಾಗ ಬಾಗಿಲು ಹಾಕಿದರು, ಆಮೇಲೆ ಕಟ್ಟಡವೇ ಅಪಾಯದ್ದೆಂಬ ಮಾತು ಬಂತು.

ಈಗ ಪರೇಲಿನ ಮಕ್ಕಳಿಗೆ ಕಡಲಜೀವಿಯೆಂದರೆ ಭಾಯಖಳಾದ ರಾಣೀಬಾಗ್ ಮೃಗಾಲಯದ ಪೆಂಗ್ವಿನ್. ಪೆರು, ಚಿಲಿಯ ಕರಾವಳಿಯ ಹಂಬೋಲ್ಟ್ ಜಾತಿಯ ಎಂಟು ಹಕ್ಕಿಗಳು 2016ರಲ್ಲಿ ಸೋಲ್‌ನಿಂದ ವಿಮಾನದಲ್ಲಿ ಬಂದವು. ಅದೇ ವರ್ಷ ಒಂದು ಸತ್ತಾಗ ಊರಿಗೆ ಊರೇ ಜಗಳಕ್ಕೆ ನಿಂತಿತ್ತು. 2017ರ ಮಾರ್ಚ್‌ನಿಂದ ಜನರಿಗೆ ದರ್ಶನ. ಅದೇ ವರ್ಷ ದೊಡ್ಡವರ ಟಿಕೆಟ್ 5 ರೂಪಾಯಿಯಿಂದ 50ಕ್ಕೆ ಏರಿತು. ಮುಂಬಯಿಯ ಸೆಕೆಯಲ್ಲಿ ಏಸಿ ಹಾಕಿಸಿಕೊಂಡು ಬದುಕುವ ಅವುಗಳನ್ನು ಕಂಡರೆ ನನಗೆ ಕನಿಕರ; ಮೊಮ್ಮಗಳಿಗೆ ಪರಮಾನಂದ. ಅವಳ ಮಾತೇ ನಡೆಯುತ್ತದೆ.

ನೀವೂ ಮಕ್ಕಳನ್ನು ಕರೆದುಕೊಂಡು ಹೋಗುವವರಾದರೆ ನೆನಪಿಡಿ, ರಾಣೀಬಾಗಿಗೆ ಬುಧವಾರ ರಜೆ.