ಮಕ್ಕಳ ಪಾಲಿನ ಗೋಡೆ

ಮಗುವಿಗೂ ಗೋಡೆಗೂ ಅದೆಂಥ ಸೆಳೆತವೋ! ಜಗಲಿಯಲ್ಲಿ ಹಾಳೆ ಹರಡಿ, ಬಣ್ಣದ ಡಬ್ಬಿ ತೆರೆದಿಟ್ಟು, ಇಲ್ಲೇ ಕೂತು ಬರಿ ಪುಟ್ಟಾ ಎಂದು ಎಷ್ಟು ಪುಸಲಾಯಿಸಿದರೂ, ಕೈಗೊಂದು ಇದ್ದಿಲ ಚೂರು ಸಿಕ್ಕಿದ ಕೂಡಲೇ ಅದು ನಡೆಯುವುದು ಗೋಡೆಯ ಕಡೆಗೇ. ಹಾಳೆಗೆ ಅಂಚಿದೆ, ಗೆರೆ ಗೇಣುದ್ದಕ್ಕೇ ನಿಲ್ಲಬೇಕು. ಗೋಡೆಯಲ್ಲಾದರೆ ಭುಜದಿಂದ ಎಳೆಯಬಹುದು, ಓಡುತ್ತ ಎಳೆಯಬಹುದು, ಮೂಲೆಯಲ್ಲಿ ತಿರುಗಿಸಿ ಮುಂದಿನ ಗೋಡೆಗೂ ದಾಟಿಸಬಹುದು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆ ಗೀಚುತ್ತಲೇ ಬೆಳೆದವರು. ಆ ಗೋಡೆಗಳನ್ನೊಮ್ಮೆ ನೋಡಬೇಕಿತ್ತು ಎಂದು ನನಗೆ ಆಗಾಗ ಆಸೆಯಾಗುತ್ತದೆ.

ನಮ್ಮ ಸಾಗರ ಸೀಮೆಯಲ್ಲಿ ಗೋಡೆಗೆ ಬರೆಯುವುದೆಂದರೆ ಹಬ್ಬ. ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ; ಬರೆಯುವುದಕ್ಕೆ ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಅದೇ ಚಿತ್ತಾರ ಬುಟ್ಟಿಗೆ ಇಳಿದು, ಭೂಮಣ್ಣಿ ಬುಟ್ಟಿಯಾಗಿ ಗದ್ದೆಗೆ ಹೊರಡುತ್ತದೆ. ಈ ವಿದ್ಯೆಗೆ ಪಾಠಪಟ್ಟಿ ಇಲ್ಲ. ಅಮ್ಮ ಎಳೆ ಎಳೆಯುತ್ತಿದ್ದರೆ ಪಕ್ಕದಲ್ಲಿ ಕೂತ ಮಗಳ ಕೈಗೂ ಒಂದು ನಾರು ಬರುತ್ತದೆ, ಅಷ್ಟೆ. ಇನ್ನು ದೀಪಾವಳಿಯ ಬೆಳಗ್ಗೆ ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಶೇಡಿಯ ಬಿಳಿ ಮಣ್ಣಿನಲ್ಲಿ, ಕೆಮ್ಮಣ್ಣಿನಲ್ಲಿ ಅದ್ದಿ ದನಗಳ ಮೈಗೆ ಉಂಗುರುಂಗುರ ಒತ್ತುವುದಿದೆಯಲ್ಲ, ಅದಂತೂ ಮಕ್ಕಳದೇ ರಾಜ್ಯಭಾರ. ನಡೆದಾಡುವ ಗೋಡೆ ಎಂದರೆ ಹಸುವೇ ಸೈ.

ಅಕ್ಕನ ಮಕ್ಕಳು ರಜೆಗೆ ಬಂದರೆ ಹಿತ್ತಿಲ ಗೋಡೆಯ ಕೆಳಭಾಗ ಅವರದು. ದೊಡ್ಡವಳಿಗೆ ಐದು ವರ್ಷ, ಸಣ್ಣವನಿಗೆ ಮೂರು. ಚಿತ್ತಾರ ಬರೆಯುವಷ್ಟು ಬಿಗಿಗೈ ಆ ವಯಸ್ಸಿಗೆ ಬರುವಂಥದ್ದಲ್ಲ. ನಾವು ಅಲ್ಲಿಂದ ಮಣ್ಣು, ಹಿಟ್ಟುಗಳನ್ನಷ್ಟೇ ಕಡ ತರುತ್ತೇವೆ. ಹಿಂದಿನ ರಾತ್ರಿಯೇ ಕೆಮ್ಮಣ್ಣಿನ ಹೆಂಟೆಗಳನ್ನು ನೀರಿಗೆ ಹಾಕಬೇಕು. ಒಣ ಹೆಂಟೆ ನೀರು ಕುಡಿಯುವಾಗ ಬುಳುಬುಳು ಗುಳ್ಳೆ ಏಳುತ್ತದೆ. ಅದನ್ನು ನೋಡುತ್ತ ಕೂತರೆ ಊಟದ ಹೊತ್ತು ಮೀರುತ್ತದೆ, ಮೀರಲಿ. ಬೆಳಗ್ಗೆ ಹಳೇ ಪಂಚೆಯಲ್ಲಿ ಸೋಸಿದರೆ ಮೇಲೆ ಹರಳು ನಿಂತು, ಕೆಳಗೆ ಜೋನಿಬೆಲ್ಲದಂಥ ಕೆಂಪು ಇಳಿಯುತ್ತದೆ. ಅದಕ್ಕೆ ಮೊದಲ ಮಳೆಯ ವಾಸನೆ. ಮೊಣಕೈವರೆಗೆ ಅದ್ದಿಕೊಂಡ ಸಣ್ಣವನಿಗೆ ಗೋಡೆ ಬಳಿಯುವುದಿದೆ ಎಂಬುದೇ ಮರೆತುಹೋಗುತ್ತದೆ. ನೆನಪಿಸುವ ಅವಸರ ನನಗೂ ಇರುವುದಿಲ್ಲ.

ನಿಜವಾದ ಸೋಜಿಗ ಆಮೇಲಿನದು. ಬಳಿದ ಕೆಂಪು ಒಣಗಿದ ಮೇಲೆ ಅಕ್ಕಿ ಹಿಟ್ಟಿನ ನೀರಲ್ಲಿ ಬೆರಳದ್ದಿ ಬರೆದರೆ ಏನೂ ಕಾಣುವುದಿಲ್ಲ. ಒದ್ದೆ ಗೆರೆ, ಅಷ್ಟೆ.

"ಚಿಕ್ಕೀ, ನಾನು ಬರೆದ ನವಿಲು ಎಲ್ಲಿ ಹೋಯ್ತು?"

"ಬರ್ತದೆ ಮಗಾ, ಕಾಯಿ."

ಹಿಟ್ಟಿನ ಕಣಗಳ ಸಂದಿಯಲ್ಲಿ ನೀರಿರುವ ತನಕ ಬೆಳಕು ಅವನ್ನು ತೂರಿ ಹಿಂದಿನ ಕೆಂಪಿಗೆ ತಲುಪಿಬಿಡುತ್ತದೆ. ನೀರು ಆರಿ ಆ ಸಂದಿಗಳಲ್ಲಿ ಗಾಳಿ ತುಂಬಿದಾಗ ಬೆಳಕು ಅಲ್ಲೇ ಚೆದುರಿ ಬಿಳುಪು ಕಣ್ಣಿಗೆ ಬೀಳುತ್ತದೆ. ಇದನ್ನೆಲ್ಲ ಐದರ ಹುಡುಗಿಗೆ ಹೇಳಬೇಕಾದ್ದಿಲ್ಲ. ಅವಳು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಾಳೆ. ಮೊದಲು ಕೊಕ್ಕು, ಆಮೇಲೆ ಕುತ್ತಿಗೆ, ಹಿಟ್ಟು ದಪ್ಪಗೆ ಕೂತ ಗರಿ ಎಲ್ಲಕ್ಕಿಂತ ಕಡೆಗೆ. ಬರೆದದ್ದಕ್ಕಿಂತ ಬರುವುದನ್ನು ನೋಡುವ ಸುಖವೇ ಹೆಚ್ಚು. ಇಂಥ ಕಾಯುವಿಕೆಯನ್ನು ಯಾವ ಬಣ್ಣದ ಪೆನ್ನು ಕೊಟ್ಟೀತು?

ಸಣ್ಣವನದು ಅಚ್ಚುಮೆಚ್ಚಿನ ಕೆಲಸ, ಅಂದರೆ ಅಚ್ಚೊತ್ತುವ ಕೆಲಸ. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ಮೂಲೆಯ ಹೂವು. ಹಾಗಲಕಾಯಿಗೆ ಚಿಂದಿ ಅಂಚು. ಬಾಳೆ ಎಲೆಯ ದಂಟು ಕೊಯ್ದರೆ ಒಳಗೆಲ್ಲ ಕೋಣೆ ಕೋಣೆ. ಅರಿಸಿನದ ನೀರಿಗೆ ಕವಳದ ತಟ್ಟೆಯ ಸುಣ್ಣ ಚೂರು ಬಿದ್ದರೆ ಹಳದಿ ಹೋಗಿ ಕೆಂಪಾಗುತ್ತದೆ. ಆ ಸುಣ್ಣ ಹಾಕುವುದು ಮಾತ್ರ ನಾನೇ. ಕಣ್ಣಿಗೆ ಹಾರಿದರೆ ಸುಡುವ ವಸ್ತುವನ್ನು ಮಕ್ಕಳ ಕೈಗೆ ಕೊಡಬಾರದು.

ಮನುಷ್ಯರೂ ಬರುತ್ತಾರೆ ಗೋಡೆಗೆ. ದೊಡ್ಡದೊಂದು ಸೊನ್ನೆ, ಅದರಿಂದಲೇ ನೇರ ಇಳಿದ ಎರಡು ಕಾಲು. ಹೊಟ್ಟೆ ಎಲ್ಲಿ ಎಂದು ಯಾರೂ ಕೇಳಬಾರದು, ಕುಂಚ ಕಸಿದು ತಿದ್ದಲೂ ಬಾರದು. ಆ ವಯಸ್ಸಿನ ಮಕ್ಕಳು ಬರೆಯುವುದೇ ಹಾಗೆ. ಮೈ ತಾನಾಗಿ ಬರುತ್ತದೆ. ಹೊಟ್ಟೆಯಿಲ್ಲದ ಆ ನಗುಮುಖಗಳು ನೆಲದಿಂದ ಮೂರಡಿಯೊಳಗೇ ಸಾಲುಗಟ್ಟಿರುತ್ತವೆ. ಅವನ್ನು ನೋಡಬೇಕೆಂದರೆ ದೊಡ್ಡವರು ನೆಲಕ್ಕೆ ಕೂರಬೇಕು. ಕೂತರೆ ಮತ್ತೆ ಏಳುವ ಮನಸ್ಸಾಗುವುದಿಲ್ಲ.

ಇದು ಬಹುಕಾಲ ನಿಲ್ಲುವ ಬಣ್ಣವಲ್ಲ. ಅರಿಸಿನ ಬಿಸಿಲಿಗೆ ಮಾಸುತ್ತದೆ, ಹಿಟ್ಟನ್ನು ಇರುವೆ ಕೆರೆದೊಯ್ಯುತ್ತದೆ, ಉಳಿದದ್ದನ್ನು ಜೂನ್ ತಿಂಗಳ ಇರಿಚಲು ತೊಳೆಯುತ್ತದೆ. ನನಗೆ ಅದೇ ಇಷ್ಟ. ಮುಂದಿನ ರಜೆಗೆ ಬರುವ ಮಗು ಬೆರಳುದ್ದ ಬೆಳೆದಿರುತ್ತದೆ, ಅದಕ್ಕೆ ಖಾಲಿ ಗೋಡೆಯೇ ಬೇಕು. ಬಾಡಿಗೆ ಮನೆಯಲ್ಲಿದ್ದು ಗೋಡೆ ಮುಟ್ಟುವಂತಿಲ್ಲ ಎನ್ನುವವರು ಹಳೆಯ ಮೊರಕ್ಕೆ ಕೆಮ್ಮಣ್ಣು ಬಳಿದು ಕೊಡಬಹುದು. ಬರೆದ ಮೇಲೆ ಮೊಳೆಗೆ ತೂಗುಹಾಕಿದರಾಯಿತು. ಸ್ವಂತ ಮನೆಯವರಿಗೆ ನನ್ನದೊಂದು ಕೋರಿಕೆ. ಹಬ್ಬಕ್ಕೆ ಬಣ್ಣ ಹೊಡೆಯುವವರು ಬಂದಾಗ, ಹಿತ್ತಿಲ ಗೋಡೆಯ ಕೆಳಗಿನ ಮೂರಡಿಗೆ ಬ್ರಷ್ ತಾಗಿಸಬೇಡಿ ಎಂದು ಹೇಳಿ. ಕೆಮ್ಮಣ್ಣು ಸಿಗದಿದ್ದರೆ ನಮ್ಮ ಕಡೆ ಬಂದಾಗ ಒಂದು ಚೀಲ ತುಂಬಿಕೊಂಡು ಹೋಗಿ; ರಸ್ತೆಗೆಂದು ಕಡಿದ ಧರೆಗಳಲ್ಲಿ ಬೇಕಾದಷ್ಟಿದೆ.