ಎಂಬಿಎ ಓದೋಕೆ ಊರಿನ ಜಾಗ ಅಡವಿಡಬೇಕಾ?

ನಾನು ಎಂಬಿಎಗೆ ಸೇರಿದಾಗ ನನಗೆ ಮೂವತ್ತೆಂಟು ವರ್ಷ. ಕಾಲೇಜಿಗೂ ಹೋಗಿದ್ದಲ್ಲ, ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಓದಿದ್ದು. ಹೀಗಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ ಬಿಡಿ.

ಬಿ.ಕಾಂ. ಮಾಡಿದ್ದೂ ಅಷ್ಟು ನೆಟ್ಟಗೇನಲ್ಲ. ಪಿಯುಸಿ ಮುಗಿಸಿ 1986ರಲ್ಲಿ ಕುಂದಾಪುರ ಕಡೆಯಿಂದ ಇಲ್ಲಿಗೆ ಬಂದೆ. ಬೆಳಗ್ಗೆ ಏಳಕ್ಕೆ ಕಾಲೇಜು, ಹನ್ನೊಂದರಿಂದ ರಾತ್ರಿಯವರೆಗೆ ಮಾವನ ಹೋಟೆಲಿನ ಗಲ್ಲಾ. ಓದು ಅಂತ ಆಗುತ್ತಿದ್ದದ್ದು ರೈಲಿನಲ್ಲಿ, ಅದೂ ಕೂರಲು ಜಾಗ ಸಿಕ್ಕಿದ ದಿನ. 1992ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾದೆ, 2003ರಲ್ಲಿ ಆಫೀಸರ್. ಮುಂಬೈ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ. ಮೊಗವೀರರು ಇಲ್ಲಿ ರಾತ್ರಿ ಶಾಲೆ ತೆರೆದದ್ದು 1908ರಲ್ಲಿ. ಆಮೇಲೆ ಬಂಟರ ಸಂಘದವರು, ಬಿಲ್ಲವರ ಅಸೋಸಿಯೇಷನ್‌ನವರು, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ರಾತ್ರಿ ಶಾಲೆ ನಡೆಸಿದರು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಎಸ್ಸೆಸ್ಸೆಲ್ಸಿ ಪಾಸಾದವರು ಆಮೇಲೆ ವಕೀಲರು, ಆಡಿಟರುಗಳು, ಬ್ಯಾಂಕ್ ಮ್ಯಾನೇಜರುಗಳು ಆದರು. ದುಡಿಯುತ್ತಾ ಓದುವುದು ನಮಗೆ ಹಿರಿಯರಿಂದಲೇ ಬಂದ ಅಭ್ಯಾಸ ಅನ್ನಿ.

ಆದರೆ ಎಂಬಿಎ ಅಂದರೆ ಮಾತ್ರ ಏನೋ ಬೇರೆಯೇ ಲೋಕ ಅನ್ನುವ ಭಾವನೆ. ಅದಕ್ಕೂ ಕಾರಣ ಇದೆ. ಚರ್ಚ್‌ಗೇಟ್‌ನ ಜಮ್ನಾಲಾಲ್ ಬಜಾಜ್ ಸಂಸ್ಥೆ 1965ರಲ್ಲಿ ಶುರುವಾದದ್ದೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಕಾರದಿಂದ. ಬೆಂಗಳೂರಿಗೆ ಐಐಎಂ ಬಂದದ್ದು 1973ರಲ್ಲಿ. ನಮ್ಮ ಜಿಲ್ಲೆಯವರ ಮಟ್ಟಿಗೆ ಇದು ಹತ್ತಿರ ಬಂದದ್ದು 1980ರಲ್ಲಿ, ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದ ಟಿ.ಎ. ಪೈ ಅವರು ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆ ಸ್ಥಾಪಿಸಿದಾಗ. (ಆ ಸಿಂಡಿಕೇಟ್ ಬ್ಯಾಂಕೇ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಸಂಸ್ಥೆ ಉಳಿದಿದೆ, ಬ್ಯಾಂಕಿನ ಹೆಸರು ಉಳಿಯಲಿಲ್ಲ. ಇರಲಿ.)

ನನ್ನಂಥ ಸಂಸಾರಸ್ಥರಿಗೆ ಬಾಗಿಲು ತೆರೆದದ್ದು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ. ಅಲ್ಲಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಶುರುವಾದದ್ದು 1987ರಲ್ಲಿ. ನಾನು ಸೇರಿದ 2006ರಲ್ಲಿ ಓಪನ್‌ಮ್ಯಾಟ್ ಅಂತ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಒಟ್ಟು 21 ಕೋರ್ಸು, ಮುಗಿಸಲು ಗರಿಷ್ಠ ಎಂಟು ವರ್ಷ. ಕೈಯಲ್ಲೇ ಬರೆದು ಕೊಡುವ ಅಸೈನ್‌ಮೆಂಟಿಗೆ ಶೇಕಡ 30, ಪರೀಕ್ಷೆಗೆ ಶೇಕಡ 70. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಬ್ಯಾಂಕಿನವರಿಗೆ ಇದಕ್ಕಿಂತ ಕೆಟ್ಟ ತಿಂಗಳು ಇಲ್ಲ. ಎರಡೂ ತ್ರೈಮಾಸಿಕದ ಕೊನೆ ತಿಂಗಳು, ಜೂನ್ ಅಂದರೆ ಮೇಲಿಂದ ಮಳೆ ಬೇರೆ. ಮಧ್ಯೆ ನಾಗಪುರಕ್ಕೆ ವರ್ಗವಾಯಿತು, ಎರಡು ವರ್ಷ ಪರೀಕ್ಷೆ ಅಲ್ಲೇ ಬರೆದೆ. ಎಲ್ಲಿಗೆ ವರ್ಗ ಮಾಡಿದರೂ ಓದು ಹಿಂದೆಯೇ ಬರುತ್ತದೆ, ಮುಕ್ತ ವಿಶ್ವವಿದ್ಯಾಲಯದ ದೊಡ್ಡ ಉಪಕಾರ ಅದೇ. ಎಂಎಸ್-8 ಅಂತ ಒಂದು ಪೇಪರ್ ಇತ್ತು, ಪೂರ್ತಿ ಸಂಖ್ಯಾಶಾಸ್ತ್ರ. ಅದಕ್ಕಾಗಿ ನಮ್ಮ ಮನೆಯವಳು ಆರು ತಿಂಗಳು ಟಿವಿಯ ದನಿ ತಗ್ಗಿಸಿಯೇ ಧಾರಾವಾಹಿ ನೋಡಿದಳು. ಪದವಿ ಪತ್ರದಲ್ಲಿ ಅವಳ ಹೆಸರೂ ಇರಬೇಕಿತ್ತು.

ಐದು ವರ್ಷ ಹಿಡಿಯಿತು. 2011ರಲ್ಲಿ ಮುಗಿಯಿತು.

ಏನು ಸಿಕ್ಕಿತು ಅಂತ ಕೇಳುತ್ತೀರಾ? ಸಂಬಳ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಸಿಎಐಐಬಿ ಪಾಸು ಮಾಡಿದರೆ ಬ್ಯಾಂಕಿನಲ್ಲಿ ಇಂಕ್ರಿಮೆಂಟ್ ಉಂಟು, ನಮ್ಮಲ್ಲಿ ಎಂಬಿಎಗೆ ಅದೂ ಇರಲಿಲ್ಲ. ಆದರೆ ಸಾಲದ ಫೈಲ್ ನೋಡುವ ಕಣ್ಣು ಬದಲಾಯಿತು. ಬಿ.ಕಾಂ. ನನಗೆ ಲೆಕ್ಕ ಬರೆಯಲು ಕಲಿಸಿತ್ತು. ಬರೆದ ಲೆಕ್ಕದ ಹಿಂದೆ ಏನಿದೆ ಅಂತ ನೋಡಲು ಕಲಿಸಿದ್ದು ಈ ಪುಸ್ತಕಗಳು. ಪುಸ್ತಕದಲ್ಲಿ ಲಾಭ ತೋರಿಸುವ ವ್ಯಾಪಾರಿ ತಿಂಗಳ ಕೊನೆಗೆ ಕೈಸಾಲ ಯಾಕೆ ಹುಡುಕುತ್ತಾನೆ? ಬರಬೇಕಾದ ಬಾಕಿ ಎಷ್ಟು ದಿನದ್ದು, ಗೋದಾಮಿನ ಮಾಲು ಎಷ್ಟು ತಿಂಗಳಿಂದ ಅಲ್ಲಾಡಿಲ್ಲ? ಇದನ್ನೆಲ್ಲ ಕೇಳುವ ಧೈರ್ಯ ಬಂದದ್ದು ಆಮೇಲೆ. ಮಾಸ್ಲೋ ಎಂಬ ಪುಣ್ಯಾತ್ಮ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದನ್ನು ಓದುವಾಗ, ಹೋಟೆಲಿನ ಟೇಬಲ್ ಮೇಲೆ ಮಲಗಿ ಅಕೌಂಟೆನ್ಸಿ ಓದುತ್ತಿದ್ದ ಹುಡುಗರು ನೆನಪಾಗಿ ನಗು ಬಂದದ್ದೂ ಉಂಟು. ಅವರು ಆ ಮೆಟ್ಟಿಲು ಹತ್ತಿದ ಕ್ರಮವೇ ಬೇರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬಾಂದ್ರಾ ಪೂರ್ವದಲ್ಲಿ ನಾನಿರುವ ಶಾಖೆಯಲ್ಲಿ ಸಾಲದ ಮೇಜು ನನ್ನದು. ಮೇ, ಜೂನ್ ಬಂತೆಂದರೆ ಶಿಕ್ಷಣ ಸಾಲಕ್ಕೆ ಬರುವ ಅಪ್ಪ-ಮಕ್ಕಳ ಸಾಲು. ಅವರಲ್ಲಿ ಎಂಬಿಎಯವರೇ ಬಹಳ. ಅವರಿಗೆ ನಾನು ಮೊದಲು ತೋರಿಸುವುದು ಬಡ್ಡಿಯ ಚಾರ್ಟ್ ಅಲ್ಲ, ಕಾಲೇಜುಗಳ ಪಟ್ಟಿ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದು. ಸಾಮಾನ್ಯ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ದಾಟಿದರೆ ಬ್ಯಾಂಕ್ ಆಸ್ತಿ ಕೇಳುತ್ತದೆ. ಆದರೆ ಐಐಎಂನಂಥ ಸಂಸ್ಥೆಗಳಿಗೆ ಬ್ಯಾಂಕುಗಳು ಪ್ರತ್ಯೇಕ ಪಟ್ಟಿ ಇಟ್ಟುಕೊಂಡಿರುತ್ತವೆ. ಅಲ್ಲಿ ಸೀಟು ಸಿಕ್ಕರೆ ಇಪ್ಪತ್ತು ಲಕ್ಷಕ್ಕೂ ಜಾಗ, ಮನೆ ಏನೂ ಬೇಡ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯೂ ಹಾಗೆಯೇ. ರ‍್ಯಾಂಕಿಂಗ್ ನೋಡಿ ಆರಿಸಿದ ಸುಮಾರು 860 ಸಂಸ್ಥೆಗಳಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಅಂದರೆ ಏನಾಯಿತು? ಒಳ್ಳೆಯ ಕಾಲೇಜಿಗೆ ಹೋಗುವವನಿಗೆ ಆಸ್ತಿ ಬೇಕಿಲ್ಲ. ಆಸ್ತಿ ಬೇಕಾಗುವುದು ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಹೋಗುವವನಿಗೆ. ಬ್ಯಾಂಕ್ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆ ಕಾಲೇಜಿನ ಪದವಿಯಿಂದ ಸಾಲ ತೀರುತ್ತದೆ ಅಂತ ಅದಕ್ಕೇ ನಂಬಿಕೆ ಇಲ್ಲ, ಅದಕ್ಕೇ ಜಾಗ ಕೇಳುತ್ತಿದೆ.

ಕಳೆದ ಬೇಸಿಗೆಯಲ್ಲಿ ಬಂದವರು ನಮ್ಮ ಕಡೆಯವರೇ. ಹೆಸರು, ಊರು ಬೇಡ. ತಂದೆಯದು ಸಣ್ಣ ಕ್ಯಾಂಟೀನ್, ಮಗ ಬಿ.ಕಾಂ. ಮುಗಿಸಿ ಬಿಕೆಸಿಯ ಒಂದು ಕಚೇರಿಯಲ್ಲಿ ತಿಂಗಳಿಗೆ 28 ಸಾವಿರಕ್ಕೆ ದುಡಿಯುತ್ತಿದ್ದ. ಎರಡು ವರ್ಷದ ಎಂಬಿಎಗೆ ಸೀಟು ಸಿಕ್ಕಿದೆ, ಒಟ್ಟು 12 ಲಕ್ಷ ಬೇಕು. ಕಾಲೇಜು ಯಾವ ಪಟ್ಟಿಯಲ್ಲೂ ಇಲ್ಲ. ತಂದೆ ನಾನು ಕೇಳುವ ಮೊದಲೇ ಅಂದರು, "ಜಾಗಿ ಪತ್ರ ನನ್ ಹತ್ರ ಇತ್ತ್. ಯಾವಾಗ ತಂದ್ ಕೊಡ್ಕ್ ಹೇಳಿ. ನಂಗಂತೂ ಓದೂಕ್ ಆಯ್ಲಿಲ್ಲ ಮಾರ್ರೆ, ಅವ ಆದ್ರೂ ಓದ್ಲಿ."

ಹನ್ನೆರಡು ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ, ಮನೆಯಲ್ಲಿ ಅವರ ತಾಯಿ. ಅಡವಿಡುವುದು ಎಷ್ಟು ಸುಲಭ ಗೊತ್ತಾ? ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಜಾಗ ದೇಶದ ಯಾವ ಮೂಲೆಯಲ್ಲಿದ್ದರೂ ಸರಿ, ಅದರ ಮೂಲ ಪತ್ರವನ್ನು ಮುಂಬೈ ಶಾಖೆಯಲ್ಲಿ ತಂದಿಟ್ಟರೆ ಅಡಮಾನ ಆಗಿಹೋಗುತ್ತದೆ. ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಇದೆ, ಆದರೂ ಊರಿನ ಮನೆಯಲ್ಲಿ ಕೂತ ಮುದುಕಿಗೆ ಗೊತ್ತೂ ಆಗದ ಹಾಗೆ ಬಾಂದ್ರಾದಲ್ಲಿ ಎಲ್ಲ ಮುಗಿದಿರುತ್ತದೆ.

ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದೆ. ಮೊದಲ ವರ್ಷ ಆರು ಲಕ್ಷ, ಎರಡನೇ ವರ್ಷ ಆರು ಲಕ್ಷ. ಬಡ್ಡಿ ಶೇಕಡ 11 ಅಂತಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಮೂರು ವರ್ಷ ಮುಗಿಯುವಾಗ 12 ಲಕ್ಷ 15 ಲಕ್ಷದ 30 ಸಾವಿರ ಆಗಿರುತ್ತದೆ. ಹತ್ತು ವರ್ಷದ ಕಂತು ಮಾಡಿದರೆ ತಿಂಗಳಿಗೆ ಸುಮಾರು 21 ಸಾವಿರ. ಇದರ ಜೊತೆಗೆ ಕೆಲಸ ಬಿಡುವುದರಿಂದ ಎರಡು ವರ್ಷದಲ್ಲಿ ಹೋಗುವ ಸಂಬಳ 6 ಲಕ್ಷ 72 ಸಾವಿರ. ಅದನ್ನು ಯಾವ ಕಾಲೇಜಿನ ಬ್ರೋಶರ್‌ನಲ್ಲೂ ಬರೆಯುವುದಿಲ್ಲ, ಎಂಬಿಎ ಪಾಠದಲ್ಲಿ ಮಾತ್ರ ಆಪರ್ಚುನಿಟಿ ಕಾಸ್ಟ್ ಅಂತ ಮೊದಲ ಸೆಮಿಸ್ಟರಿನಲ್ಲೇ ಕಲಿಸುತ್ತಾರೆ! ಆ ಕಾಲೇಜಿನಿಂದ ಹೋದ ವರ್ಷ ಹೊರಬಂದವರಿಗೆ ಕೈಗೆ ಎಷ್ಟು ಸಿಗುತ್ತಿದೆ ಅಂತ ಹುಡುಗನನ್ನೇ ಕೇಳಿದೆ. ಅವನ ಪರಿಚಯದ ಇಬ್ಬರಿಗೆ 35 ಸಾವಿರದ ಆಸುಪಾಸು. ಈಗಿನದಕ್ಕಿಂತ ಏಳು ಸಾವಿರ ಹೆಚ್ಚು, ಕಂತು 21 ಸಾವಿರ.

"ಕೆಲಸದಲ್ಲಿದ್ದುಕೊಂಡೇ ಇಗ್ನೋದಲ್ಲಿ ಮಾಡು, ಈಗ ಪ್ರವೇಶ ಪರೀಕ್ಷೆಯೂ ಇಲ್ಲ" ಅಂದೆ.

ಹುಡುಗ ಮುಖ ನೋಡಿ ಹೇಳಿದ, "ಸರ್, ನಿಮಗೆ ಬ್ಯಾಂಕಿನ ಕೆಲಸ ಮೊದಲೇ ಇತ್ತು. ನಾನು ಅದನ್ನು ಹಿಡಿದುಕೊಂಡು ಹೊಸ ಕೆಲಸ ಕೇಳೋಕೆ ಹೋದರೆ ಇಂಟರ್‌ವ್ಯೂಗೂ ಕರೆಯಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ನನಗೆ ಆ ಓದು ಕೊಡದೇ ಇದ್ದದ್ದು ಅದೇ: ಕ್ಯಾಂಪಸ್ಸಿಗೆ ಬರುವ ಕಂಪನಿಗಳು, ನಾಳೆ ಫೋನ್ ಮಾಡಬಹುದಾದ ಸಹಪಾಠಿಗಳು. ಕೂತ ಕುರ್ಚಿಯಲ್ಲಿ ಚೆನ್ನಾಗಿ ಕೆಲಸ ಮಾಡಲು ಅಂಚೆಯ ಎಂಬಿಎ ಸಾಕು, ಕುರ್ಚಿ ಬದಲಿಸಲು ಸಾಲದು. ಕುರ್ಚಿ ಬದಲಿಸಬೇಕಾದರೆ ಪಟ್ಟಿಯಲ್ಲಿರುವ ಕಾಲೇಜೇ ಆಗಬೇಕು, ಮತ್ತು ಅದಕ್ಕೆ ಜಾಗ ಬೇಕಿಲ್ಲ. ಎರಡೂ ಅಲ್ಲದ ನಡುವಿನ ಕಾಲೇಜಿಗೆ ಅಜ್ಜಿಯ ಮನೆ ಯಾಕೆ?

ತಂದೆಗೆ ನನ್ನ ಮಾತು ಹಿಡಿಸಲಿಲ್ಲ. "ಮಗನ್ ಓದಿಗೆ ಆಯ್ದಿರೆ ಆ ಜಾಗಿ ಎಂತಕ್ಕೆ?" ಅಂತ ಸಿಟ್ಟಿನಲ್ಲೇ ಎದ್ದರು. ನಮ್ಮ ಮ್ಯಾನೇಜರ್ ಸಾಹೇಬರಿಗೂ ಅಷ್ಟೇನೂ ಖುಷಿಯಿಲ್ಲ, ಅಡಮಾನ ಇರುವ 12 ಲಕ್ಷದ ಸಾಲ, ಟಾರ್ಗೆಟ್‌ಗೆ ಬೇಕಾಗಿತ್ತು. ಅರ್ಜಿ ಕೊಟ್ಟಿದ್ದರೆ ನಾನು ತೆಗೆದುಕೊಳ್ಳಲೇಬೇಕಿತ್ತು. ಅದು ಅವರ ಹಕ್ಕು, ಹಾಗಂತ ಹೇಳಿಯೇ ಕಳಿಸಿದ್ದೆ.

ಎರಡು ವಾರ ಬಿಟ್ಟು ಹುಡುಗ ಒಬ್ಬನೇ ಬಂದ. ಸೀಟು ಬಿಟ್ಟಿದ್ದಾನೆ. ನವೆಂಬರಿನ ಕ್ಯಾಟ್ ಇನ್ನೊಂದು ಸಲ ಬರೆಯುತ್ತಾನಂತೆ, ಕೆಲಸ ಬಿಡದೆ. ಪಟ್ಟಿಯಲ್ಲಿರುವ ಯಾವುದಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ಜನವರಿಯ ಇಗ್ನೋ ಪ್ರವೇಶಕ್ಕೆ ಅರ್ಜಿ ಹಾಕುತ್ತಾನಂತೆ. ಅಪ್ಪ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ ಅಂದ. ಪಟ್ಟಿಯ ಒಂದು ಜೆರಾಕ್ಸ್ ಬೇಕು ಅಂತ ಕೇಳಿದ, ಕೊಟ್ಟೆ.